ಪತ್ರಿಕೆ ಬೇಡವೆಂದವರಿಗೆ ಬಂದ ನೋಟಿಸು

ಮೇಷ್ಟ್ರು ಲಕೋಟೆಯನ್ನು ನನ್ನ ಮೇಜಿನ ಮೇಲೆ ಇಟ್ಟಾಗ ಅದರ ಅಂಚು ಬೆವರಿಗೆ ಮೆತ್ತಗಾಗಿತ್ತು. ತಾಲ್ಲೂಕು ಕೇಂದ್ರವೊಂದರ ನಿವೃತ್ತ ಪ್ರೌಢಶಾಲಾ ಶಿಕ್ಷಕರು ಅವರು. ಬಡಾವಣೆಯವರನ್ನು ಸೇರಿಸಿಕೊಂಡು, ಸ್ಥಳೀಯ ದಿನಪತ್ರಿಕೆಯೊಂದನ್ನು ತರಿಸುವುದು ನಿಲ್ಲಿಸೋಣ ಎಂದು ಕರಪತ್ರ ಹಂಚಿದ್ದರು. ಪತ್ರಿಕೆಯ ವಕೀಲರಿಂದ ನೋಟಿಸು ಬಂದಿತ್ತು: ಏಳು ದಿನದೊಳಗೆ ಬಹಿರಂಗ ಕ್ಷಮೆ ಕೇಳಬೇಕು, ತಪ್ಪಿದರೆ 50 ಲಕ್ಷ ರೂಪಾಯಿ ಪರಿಹಾರ. “ಸಾರ್, ನನ್ನ ಪಿಂಚಣಿ ನಿಲ್ಲಿಸಿಬಿಡುತ್ತಾರೆಯೇ?” ಎಂಬುದೇ ಅವರ ಮೊದಲ ಪ್ರಶ್ನೆ.

ವಕೀಲರ ನೋಟಿಸು ಒಂದು ಪತ್ರ, ನ್ಯಾಯಾಲಯದ ಆದೇಶವಲ್ಲ. ಅದರಲ್ಲಿ ಎಷ್ಟು ಸೊನ್ನೆ ಸೇರಿಸಿದರೂ ಅಂಚೆ ಖರ್ಚು ಅಷ್ಟೇ. ಅದೇ ಮೊತ್ತಕ್ಕೆ ಕರ್ನಾಟಕದಲ್ಲಿ ದಾವೆ ಹೂಡಬೇಕಾದರೆ ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕ ಕಟ್ಟಬೇಕು. ನೋಟಿಸಿನ ಲಕ್ಷಗಳು ದಾವೆಯವರೆಗೆ ಹೋಗದಿರಲು ಇದೂ ಒಂದು ಕಾರಣ.

ಇಂಥ ಪತ್ರ ಕಂಡಾಗಲೆಲ್ಲ ನನಗೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ನೆನಪಾಗುತ್ತದೆ. 2006ರ ಜುಲೈನಲ್ಲಿ ಅಲ್ಲಿನ ‘ನ್ಯೂಸ್-ಪ್ರೆಸ್’ ದಿನಪತ್ರಿಕೆಯ ಸಂಪಾದಕರು, ಒಡತಿ ವೆಂಡಿ ಮೆಕ್‌ಕಾ ಸುದ್ದಿಯಲ್ಲಿ ಕೈಹಾಕುತ್ತಿದ್ದಾರೆ ಎಂದು ಸಾಲಾಗಿ ರಾಜೀನಾಮೆ ಕೊಟ್ಟರು. ಓದುಗರು ಚಂದಾ ನಿಲ್ಲಿಸತೊಡಗಿದರು. ಊರಿನ ಕೆಲವು ಅಂಗಡಿಗಳ ಗಾಜಿನ ಮೇಲೆ ‘ಮೆಕ್‌ಕಾ, ಕಾನೂನು ಪಾಲಿಸಿ’ ಎಂಬ ಫಲಕ ಕಾಣಿಸಿಕೊಂಡಿತು. ಫಲಕ ತೆಗೆಯಿರಿ ಎಂದು ಆ ಅಂಗಡಿಗಳಿಗೆ ಪತ್ರಿಕೆಯ ವಕೀಲರಿಂದ ಪತ್ರ ಹೋಯಿತು. ವಾಕ್ ಸ್ವಾತಂತ್ರ್ಯದ ಅನ್ನ ಉಣ್ಣುವ ಪತ್ರಿಕೆಯೊಂದು ತನ್ನದೇ ಓದುಗರ ಬಾಯಿಗೆ ಬೀಗ ಹಾಕಲು ಹೊರಟಿದ್ದು ಇಂದಿಗೂ ನನಗೆ ಸಿಟ್ಟು ತರಿಸುತ್ತದೆ.

ಪತ್ರಿಕೆಯ ಬಗ್ಗೆ ಬರೆದ ಪತ್ರಕರ್ತೆಯೊಬ್ಬರ ಮೇಲೆ ಮಾನನಷ್ಟ ದಾವೆಯನ್ನೂ ಹೂಡಲಾಯಿತು. ಅದು 2008ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಬಾಯಿ ಮುಚ್ಚಿಸಲೆಂದೇ ಹೂಡುವ ದಾವೆಗಳನ್ನು ಆರಂಭದಲ್ಲೇ ವಜಾ ಮಾಡಿ, ಹೂಡಿದವರಿಂದಲೇ ವಕೀಲರ ಶುಲ್ಕ ಕೊಡಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1992ರಿಂದ ಇದೆ. ನಮ್ಮಲ್ಲಿ ಅಂಥ ಕಾನೂನು ಇಲ್ಲ. ಹಾಗಾಗಿ ಇಲ್ಲಿ ಪದ ಬಳಸುವಾಗ ಇನ್ನಷ್ಟು ಎಚ್ಚರ ಬೇಕು. ‘ಕಾನೂನು ಪಾಲಿಸಿ’ ಎಂದರೆ ‘ಈಗ ಮುರಿಯುತ್ತಿದ್ದೀರಿ’ ಎಂಬ ಧ್ವನಿ ಹೊರಡುತ್ತದೆ. ಎದುರು ವಕೀಲರು ಹಿಡಿದುಕೊಳ್ಳುವುದು ಆ ಧ್ವನಿಯನ್ನೇ.

ಮೇಷ್ಟ್ರಿಂದ ಕರಪತ್ರ ಕೇಳಿ ಪಡೆದು ಓದಿದೆ. ಇದ್ದದ್ದು ಮೂರೇ ವಾಕ್ಯ. ‘ಬರುವ ತಿಂಗಳಿಂದ ಈ ಪತ್ರಿಕೆ ನಿಲ್ಲಿಸೋಣ.’ ಇದು ಕರೆ. ಕೊಳ್ಳುವುದೂ ಬಿಡುವುದೂ ಓದುಗನ ಇಷ್ಟ, ನೆರೆಯವರಿಗೆ ಹೇಳುವುದಕ್ಕೆ ಸಂವಿಧಾನದ 19ನೇ ವಿಧಿಯ ಬಲವಿದೆ. ‘ಚುನಾವಣೆಯಲ್ಲಿ ಇದು ಒಂದೇ ಕಡೆಗೆ ವಾಲಿತ್ತು ಎಂದು ನಮ್ಮ ಭಾವನೆ.’ ಇದು ಅಭಿಪ್ರಾಯ. ‘ಹಣ ಪಡೆದು ಸುದ್ದಿ ಹಾಕುತ್ತಾರೆ.’ ಇಲ್ಲಿ ನನ್ನ ಪೆನ್ನು ನಿಂತಿತು. ಇದು ಸತ್ಯವೋ ಸುಳ್ಳೋ ಎಂದು ಪರೀಕ್ಷಿಸಬಹುದಾದ ಆರೋಪ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿಯಲ್ಲಿ ಮಾನಹಾನಿಗೆ ಎರಡು ವರ್ಷದವರೆಗೆ ಸಜೆಯಾಗಬಹುದು. ಹೇಳಿದ್ದು ನಿಜ, ಜನಹಿತಕ್ಕಾಗಿಯೇ ಹೇಳಿದೆ ಎಂಬ ಎರಡನ್ನೂ ಆರೋಪಿಯೇ ತೋರಿಸಬೇಕಾಗುತ್ತದೆ.

“ಮೇಷ್ಟ್ರೇ, ಇದಕ್ಕೆ ಆಧಾರವೇನು?” ಎಂದೆ. ಅವರು ಚೀಲದಿಂದ ಕಡತ ತೆಗೆದರು. ಒಂದೇ ದಿನ ಎರಡು ಪತ್ರಿಕೆಗಳಲ್ಲಿ ಒಬ್ಬನೇ ಅಭ್ಯರ್ಥಿಯ ಬಗ್ಗೆ ಬಂದ ವರದಿಗಳ ತುಣುಕುಗಳು, ಅಕ್ಷರಕ್ಕೆ ಅಕ್ಷರ ಒಂದೇ, ಒಂದು ಕಾಗುಣಿತದ ತಪ್ಪೂ ಸೇರಿದಂತೆ. ಅನುಮಾನಕ್ಕೆ ಇದು ಬೇಕಾದಷ್ಟಾಯಿತು. ಹಣ ಕೈ ಬದಲಾಯಿತು ಎನ್ನಲು ಸಾಲದು. ಮೂರನೆಯ ವಾಕ್ಯವನ್ನು ಹೊಡೆದುಹಾಕಿ, ‘ಈ ಎರಡು ವರದಿಗಳು ಅಕ್ಷರಶಃ ಒಂದೇ ಆಗಿರುವುದು ಹೇಗೆ?’ ಎಂದು ತುಣುಕುಗಳ ಸಮೇತ ಮರುಮುದ್ರಿಸಲು ಹೇಳಿದೆ. ಹಳೆಯ ವಾಕ್ಯವನ್ನು ಹಿಂದಕ್ಕೆ ಪಡೆದಿದ್ದೇವೆ, ಕರೆಯನ್ನು ಪಡೆಯುವುದಿಲ್ಲ ಎಂದು ಉತ್ತರವನ್ನೂ ಕಳುಹಿಸಿದೆವು.

ಇಷ್ಟರಲ್ಲೇ ಸುಮ್ಮನಿರಬಾರದು. ನಮ್ಮ ಮಾತು ಕೇಳದೆಯೇ ಏಕಪಕ್ಷೀಯ ತಡೆಯಾಜ್ಞೆ ಬರುವ ಭಯ ಇದ್ದೇ ಇರುತ್ತದೆ. ಅದಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿಯಲ್ಲಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ನ್ಯಾಯಾಲಯಕ್ಕೆ ಮೊದಲೇ ಕೊಡುವ ಅರ್ಜಿ, ಹಾಕಬಹುದು. ಅದರ ಆಯಸ್ಸು 90 ದಿನ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಮತ್ತು ಝೀ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ಪ್ರಕಟಣೆ ತಡೆಯುವ ಆದೇಶ ತೀರ ಅಪರೂಪಕ್ಕೆ ಮಾತ್ರ ಇರಬೇಕು ಎಂದಿತು. ಅಲ್ಲಿ ತಡೆಯಾಜ್ಞೆ ತಂದಿದ್ದ ಝೀ ಕೂಡ ಒಂದು ಮಾಧ್ಯಮ ಸಂಸ್ಥೆಯೇ. ಇನ್ನು, ಬರೀ ಮಾನಹಾನಿಯ ದೂರಿನ ಮೇಲೆ ಪೊಲೀಸರು ಎಫ್‌ಐಆರ್ ಹಾಕುವಂತಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು.

ಬಡಾವಣೆಯ ಹುಡುಗರಿಬ್ಬರು ಬೆಳಗಿನ ಜಾವ ಬಸ್ ನಿಲ್ದಾಣದಲ್ಲಿ ಏಜೆಂಟರ ಬಂಡಲ್ ತಡೆಯುವ ಯೋಚನೆಯಲ್ಲಿದ್ದರಂತೆ. ಖಂಡಿತ ಕೂಡದು ಎಂದೆ. ತಾನು ಕೊಳ್ಳದಿರುವುದು ಹಕ್ಕು, ಇನ್ನೊಬ್ಬರ ಕೈಗೆ ಪತ್ರಿಕೆ ಸೇರದಂತೆ ಮಾಡುವುದು ಅಪರಾಧ. ಪೇಪರ್ ಹಾಕುವ ಹುಡುಗನ ಸೈಕಲ್ಲಿಗೂ ಈ ಜಗಳಕ್ಕೂ ಸಂಬಂಧವಿಲ್ಲ.

ಲಿಖಿತ ಮಾನಹಾನಿಗೆ ಸಿವಿಲ್ ದಾವೆ ಹೂಡಲು ಇರುವ ಅವಧಿ ಪ್ರಕಟವಾದ ದಿನದಿಂದ ಒಂದು ವರ್ಷ. ಮೊದಲ ಕರಪತ್ರದ ವರ್ಷ ತುಂಬಿದ ದಿನ ಮೇಷ್ಟ್ರು ಫೋನ್ ಮಾಡಿ, ಕಡತವನ್ನು ಇನ್ನು ರದ್ದಿಗೆ ಹಾಕಬಹುದೇ ಎಂದು ಕೇಳಿದರು. ಕ್ರಿಮಿನಲ್ ದೂರಿಗೆ ಮೂರು ವರ್ಷದ ಅವಕಾಶವಿದೆ, ಬೀರುವಿನಲ್ಲೇ ಇರಲಿ ಎಂದೆ.