ಪದ ಪರಿಚಯ: ನೈತಿಕ ಹಕ್ಕು

“ಆ ಬಗ್ಗೆ ಮಾತನಾಡಲು ಅವರಿಗೆ ಯಾವ ನೈತಿಕ ಹಕ್ಕೂ ಇಲ್ಲ” ಎಂಬ ಹೇಳಿಕೆ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಪಕ್ಷ ಯಾವುದೇ ಇರಲಿ, ಎದುರಾಳಿಯ ಬಾಯಿ ಮುಚ್ಚಿಸಲು ರಾಜಕಾರಣಿಗಳಿಗೆ ಇಷ್ಟು ಸುಲಭವಾಗಿ ಒದಗುವ ಮಾತು ಇನ್ನೊಂದಿಲ್ಲ. ಅಲ್ಲಿ ಈ ಪದಕ್ಕೆ ಯೋಗ್ಯತೆ ಎಂದಷ್ಟೇ ಅರ್ಥ. ಕೃತಿಸ್ವಾಮ್ಯದ (ಕಾಪಿರೈಟ್) ಕಾನೂನಿನಲ್ಲಿ ಇದಕ್ಕೆ ಬೇರೆಯೇ ಅರ್ಥವಿದ್ದು, ಆ ಅರ್ಥದಲ್ಲಿ ಅದು ರಾಜಕಾರಣಿಯ ಎದುರು ಕವಿಯೂ ಗಾಯಕನೂ ಹೂಡಬಹುದಾದ ವಾದವಾಗುತ್ತದೆ.

ಒಂದು ಚುನಾವಣೆಯ ಸಮಯದಲ್ಲಿ ಶಿರಸಿಯ ಬಿಡಕಿಬೈಲಿನ ಹತ್ತಿರ ಧ್ವನಿವರ್ಧಕ ಕಟ್ಟಿದ ಆಟೋರಿಕ್ಷಾವೊಂದು ನಿಂತಿತ್ತು. ಅದರಲ್ಲಿ ಬರುತ್ತಿದ್ದುದು ಯಕ್ಷಗಾನದ ಬಡಗುತಿಟ್ಟು ಶೈಲಿಯ ಒಂದು ಏರುಪದ, ಅಂದರೆ ವೀರಾವೇಶದ ಹಾಡು, ಚಂಡೆಯ ಅಬ್ಬರದೊಡನೆ. ಯುದ್ಧಕ್ಕೆ ಹೊರಟ ವೀರನ ಹೆಸರು ಬರಬೇಕಾದ ಜಾಗದಲ್ಲಿ ಹಾಡುಗಾರರಾದ ಭಾಗವತರ ಸ್ವರವನ್ನು ಕತ್ತರಿಸಿ, ಇನ್ಯಾರದೋ ದನಿಯಲ್ಲಿ ಅಭ್ಯರ್ಥಿಯ ಹೆಸರನ್ನು ತುರುಕಿದ್ದರು. ನನ್ನೊಡನೆ ಚಹಾ ಕುಡಿಯುತ್ತಿದ್ದ ಹವ್ಯಾಸಿ ಮದ್ದಲೆಗಾರರೊಬ್ಬರು ಲೋಟ ಕೆಳಗಿಟ್ಟು, “ಹೆಸರು ಸೇರಿಸಿದ್ದು ಹಾಳಾಗಿ ಹೋಗಲಿ ಮಾರಾಯಾ, ತಾಳ ಕೆಡಿಸಿಟ್ಟಿದ್ದಾರೆ. ಕೇಳಿದವರು ಭಾಗವತರೇ ತಪ್ಪಿದರು ಅಂತಾರೆ” ಎಂದರು. ನೈತಿಕ ಹಕ್ಕಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆಯನ್ನು ನಾನು ಕಾನೂನು ಪುಸ್ತಕದಲ್ಲಿ ಓದಿಲ್ಲ.

ಒಂದು ಹಾಡಿನಿಂದ ಎರಡು ಬಗೆಯ ಹಕ್ಕು ಹುಟ್ಟುತ್ತದೆ. ಪ್ರತಿ ಮಾಡುವುದು, ಮಾರುವುದು, ಸಾರ್ವಜನಿಕವಾಗಿ ಹಾಕುವುದು ಇತ್ಯಾದಿಗಳು ಹಣದ ಹಕ್ಕುಗಳು. ಇವನ್ನು ಕಂಪನಿಗೆ ಬರೆದುಕೊಡಬಹುದು. ಕೃತಿಯೊಡನೆ ತನ್ನ ಹೆಸರು ನಿಲ್ಲಬೇಕು, ಅದನ್ನು ವಿರೂಪಗೊಳಿಸಿ ತನ್ನ ಮಾನ ಕಳೆಯಬಾರದು ಎಂದು ಕೇಳುವ ಹಕ್ಕು ಎರಡನೆಯದು. ಮೊದಲನೆಯದನ್ನು ಪೂರ್ತಿ ಮಾರಿದ ಮೇಲೂ ಇದು ಕರ್ತೃವಿನ ಬಳಿಯೇ ಉಳಿಯುತ್ತದೆ. ಪರಿಕಲ್ಪನೆ ಫ್ರಾನ್ಸಿನದು. ಅಲ್ಲಿನ ‘ಮೊರಾಲ್’ ಎಂಬ ಪದ ನೀತಿಗಿಂತ ಹೆಚ್ಚಾಗಿ ವ್ಯಕ್ತಿತ್ವವನ್ನು ಕುರಿತದ್ದಾದ್ದರಿಂದ, ಕನ್ನಡದ ‘ನೈತಿಕ’ ಸ್ವಲ್ಪ ದಾರಿ ತಪ್ಪಿಸುತ್ತದೆ. ‘ಕರ್ತೃಗೌರವದ ಹಕ್ಕು’ ಎಂದಿದ್ದರೆ ಚೆನ್ನಾಗಿರುತ್ತಿತ್ತೆಂದು ನನ್ನ ಅನಿಸಿಕೆ.

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 57ನೆಯ ಕಲಮು ಇದನ್ನು ‘ಕರ್ತೃವಿನ ವಿಶೇಷ ಹಕ್ಕುಗಳು’ ಎಂದು ಕರೆಯುತ್ತದೆ. ‘ನೈತಿಕ ಹಕ್ಕು’ ಎಂಬ ಹೆಸರು ಕಾಯ್ದೆಗೆ ಬಂದದ್ದು 2012ರ ತಿದ್ದುಪಡಿಯಲ್ಲಿ, ಹಾಡುಗಾರರೂ ನಟರೂ ಸೇರಿದ ಪ್ರದರ್ಶಕರಿಗಾಗಿ ಸೇರಿಸಿದ 38-ಬಿ ಕಲಮಿನಲ್ಲಿ. ಎರಡೂ ಒಂದೇ ಎಂದು ಮೇಲುನೋಟಕ್ಕೆ ಕಂಡರೂ ವ್ಯತ್ಯಾಸವಿದೆ. ಪದ್ಯ ಬರೆದವನು ಕೃತಿಯ ವಿರೂಪವನ್ನಷ್ಟೇ ಅಲ್ಲದೆ, ತನ್ನ ಗೌರವಕ್ಕೆ ಕುಂದು ತರುವ ‘ಇತರ ಕೃತ್ಯ’ವನ್ನೂ ಪ್ರಶ್ನಿಸಬಲ್ಲ, ಹಾಡಿದವನಿಗೆ ಆ ಕೊನೆಯ ಮಾತಿನ ಆಸರೆಯಿಲ್ಲ, ತನ್ನ ಹಾಡುಗಾರಿಕೆಯನ್ನು ಕತ್ತರಿಸಿದ್ದಾರೆ ಅಥವಾ ಬದಲಿಸಿದ್ದಾರೆ ಎಂದು ಅವನು ತೋರಿಸಬೇಕು. ಹಾಗಾಗಿ ಆ ಏರುಪದವನ್ನು ಇದ್ದಂತೆಯೇ ಸಭೆಯಲ್ಲಿ ಹಾಕಿದ್ದರೆ ಭಾಗವತರ ವಾದ ಬಡವಾಗುತ್ತಿತ್ತು. ಅಭ್ಯರ್ಥಿಯ ಹೆಸರು ತುರುಕಿದವರೇ ಅದಕ್ಕೆ ಬಲ ತಂದುಕೊಟ್ಟರು.

ರಾಜಕೀಯ ಪಕ್ಷಗಳ ಮೇಲೆ ಬರುವ ಹಾಡಿನ ತಕರಾರುಗಳಲ್ಲಿ ಹೆಚ್ಚಿನವು ಹಣದ ಹಕ್ಕಿನವು. 2009ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ‘ಜೈ ಹೋ’ ಹಾಡಿನ ಹಕ್ಕನ್ನು ಸಂಗೀತ ಕಂಪನಿ ಟಿ-ಸೀರೀಸ್‌ನಿಂದ ಪಡೆದುಕೊಂಡಿತ್ತು. ಅದೇ ಪಕ್ಷದ ಭಾರತ ಜೋಡೋ ಯಾತ್ರೆಯ ವಿಡಿಯೊದಲ್ಲಿ ಕೆಜಿಎಫ್-2 ಚಿತ್ರದ ಸಂಗೀತ ಬಳಸಲಾಗಿದೆಯೆಂದು 2022ರಲ್ಲಿ ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ಕಂಪನಿ ದೂರಿದಾಗ, ಪಕ್ಷದ ಟ್ವಿಟರ್ ಖಾತೆಗಳನ್ನೇ ತಡೆಹಿಡಿಯುವಂತೆ ಕೆಳ ನ್ಯಾಯಾಲಯ ಆದೇಶಿಸಿತು. ಆಕ್ಷೇಪಿತ ಭಾಗವನ್ನು ತೆಗೆಯಬೇಕೆಂಬ ಷರತ್ತಿನೊಡನೆ ಹೈಕೋರ್ಟ್ ಆ ಆದೇಶವನ್ನು ಬದಿಗಿರಿಸಿತು. ಅಲ್ಲಿ ದೂರು ಕಂಪನಿಯದು, ಸಂಗೀತಗಾರನದಲ್ಲ.

ಅಮೆರಿಕದ ಪರಿಸ್ಥಿತಿ ಇನ್ನೂ ವಿಚಿತ್ರ. ಅಲ್ಲಿ 1990ರ ಕಾನೂನು ನೈತಿಕ ಹಕ್ಕನ್ನು ಚಿತ್ರ, ಶಿಲ್ಪಗಳಂತಹ ದೃಶ್ಯಕಲೆಗೆ ಮಾತ್ರ ಕೊಟ್ಟಿದೆ. 2020ರ ಆಗಸ್ಟ್‌ನಲ್ಲಿ ಗಾಯಕ ನೀಲ್ ಯಂಗ್ ತನ್ನ ಹಾಡುಗಳನ್ನು ಟ್ರಂಪ್ ಸಭೆಗಳಲ್ಲಿ ಹಾಕಿದ್ದಕ್ಕೆ ದಾವೆ ಹೂಡಿದಾಗ, ಆತನ ಮನಸ್ಸಿಗೆ ಆದ ನೋವು ಈ ಎರಡನೆಯ ಬಗೆಯದಾಗಿದ್ದರೂ ನ್ಯಾಯಾಲಯದಲ್ಲಿ ಹಿಡಿದ ದಾರಿ ಪರವಾನಗಿ ಇಲ್ಲವೆಂಬುದಾಗಿತ್ತು. ಆ ವರ್ಷಾಂತ್ಯಕ್ಕೆ ದಾವೆಯನ್ನು ಆತ ಹಿಂತೆಗೆದುಕೊಂಡ.

ಭಾರತದಲ್ಲಿ ಈ ಹಕ್ಕಿಗೆ ಜೀವ ತುಂಬಿದ್ದು ಒಬ್ಬ ಶಿಲ್ಪಿ. ದೆಹಲಿಯ ವಿಜ್ಞಾನ ಭವನದ ತನ್ನ ಭಿತ್ತಿಶಿಲ್ಪವನ್ನು 1979ರಲ್ಲಿ ಸರ್ಕಾರ ಕಿತ್ತು ಗೋದಾಮಿಗೆ ಹಾಕಿದ್ದಕ್ಕೆ ಅಮರನಾಥ ಸೆಹಗಲ್ ಹೂಡಿದ ದಾವೆಯಲ್ಲಿ, ದೆಹಲಿ ಹೈಕೋರ್ಟ್ 2005ರಲ್ಲಿ ಶಿಲ್ಪವನ್ನು ಮರಳಿಸಲು ಮತ್ತು 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಈ ಎರಡು ಹಕ್ಕುಗಳು ಎಷ್ಟು ಕಾಲ ಉಳಿಯುತ್ತವೆ ಎಂಬ ಮಾತಿಗೆ ಕಾರವಾರದ ಉದಾಹರಣೆಯೇ ಸಾಕು. ಅಲ್ಲಿನ ಕಡಲತೀರಕ್ಕೆ ಯಾರ ಹೆಸರನ್ನು ಇಡಲಾಗಿದೆಯೋ ಆ ರವೀಂದ್ರನಾಥ ಟ್ಯಾಗೋರರ ಕೃತಿಗಳ ಮೇಲಿನ ವಿಶ್ವಭಾರತಿಯ ಹಣದ ಹಕ್ಕು, ಅವರು ತೀರಿಕೊಂಡ 60 ವರ್ಷಗಳಿಗೆ, 2001ರ ಕೊನೆಯಲ್ಲಿ ಮುಗಿಯಿತು. ಗೌರವದ ಹಕ್ಕಿಗಾದರೋ 2012ರ ತಿದ್ದುಪಡಿಯ ನಂತರ ಅಂತಹ ಗಡುವಿಲ್ಲ.

ಬಿಡಕಿಬೈಲಿನ ಆಟೋ ಮತದಾನಕ್ಕೆ ಎರಡು ದಿನ ಮೊದಲಿನವರೆಗೂ ಅದೇ ಪದ ಹಾಕಿಕೊಂಡು ಸುತ್ತಿತು. ಭಾಗವತರಿಗೆ ವಿಷಯ ಗೊತ್ತಿತ್ತೆಂದು ಆಮೇಲೆ ತಿಳಿಯಿತು. ಅವರು ದೂರು ಕೊಡಲಿಲ್ಲ. ವರ್ಷವೂ ಅವರ ಮೇಳವನ್ನು ಕರೆಸಿ ಆಟ ಆಡಿಸುವವರಲ್ಲಿ ಆ ಪಕ್ಷದವರೂ ಇದ್ದರು.