ವಿಮಾನ ಧಡ್ ಅಂತ ಇಳಿದರೆ ಪೈಲಟ್ ಹೊಸಬನೇ?

ಪ್ರಶ್ನೆ: ಹೋದ ಮಳೆಗಾಲದಾಗ ಬೆಂಗಳೂರಿಂದ ಕಲಬುರಗಿಗೆ ವಿಮಾನದಾಗ ಬಂದಿದ್ದೆವು. ಇಳೀಲಾಕತ್ತಾಗ ಧಡ್ ಅಂತ ನೆಲಕ್ಕ ಬಡೀತ್ರಿ. ಬಾಜೂಕ ಕುಂತಿದ್ದ ನಮ್ಮವ್ವ ಹೆದರಿ ನನ್ನ ಕೈ ಗಟ್ಟಿ ಹಿಡಕೊಂಡ್ಳು. ಪೈಲಟ್ ಹೊಸಬ ಇದ್ದನೇನ್ರಿ? ಮೆತ್ತಗ ಇಳಿಸ್ಲಾಕ ಬರಲ್ಲೇನು ಅವರಿಗೆ?
– ಸೇಡಂನ ಓದುಗರೊಬ್ಬರು

ಉತ್ತರ: ಬರುತ್ತದ್ರಿ, ಚೆನ್ನಾಗಿಯೇ ಬರುತ್ತದೆ. ಆದರೆ ಮಳೆಗೆ ನೆನೆದ ರನ್‌ವೇ ಮೇಲೆ ಹೂವಿನಂತೆ ಇಳಿಸಲು ಹೋಗಬೇಡಿ, ಗಟ್ಟಿಯಾಗಿ ಊರಿಬಿಡಿ ಎಂದೇ ಅವರಿಗೆ ಕಲಿಸಿರುತ್ತಾರೆ. ನಿಮಗೆ ಒರಟು ಅನ್ನಿಸಿದ್ದು ಅಂದು ಸರಿಯಾದ ಕೆಲಸವೇ ಆಗಿರುವ ಸಾಧ್ಯತೆ ಹೆಚ್ಚು. ಮೆತ್ತಗೆ ಇಳಿದರೆ ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿದೆ. ಪೈಲಟ್‌ಗಳು ನೋಡುವುದು ಬೇರೆಯದನ್ನೇ: ಸರಿಯಾದ ಜಾಗದಲ್ಲಿ, ಸರಿಯಾದ ವೇಗದಲ್ಲಿ, ರನ್‌ವೇಯ ನಡುಗೆರೆಯ ಮೇಲೆ ಇಳಿಯಿತೇ?

ಜೆಟ್ ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ವೇಗ ಗಂಟೆಗೆ 240ರಿಂದ 260 ಕಿ.ಮೀ., ನಿಮಿಷಕ್ಕೆ ಸುಮಾರು 700 ಅಡಿ ಕೆಳಕ್ಕೆ. ರನ್‌ವೇಯ ಅಂಚನ್ನು ದಾಟುವಾಗ ಚಕ್ರಗಳು ನೆಲದಿಂದ 50 ಅಡಿಯ ಆಸುಪಾಸಿನಲ್ಲಿರಬೇಕು. ಅಲ್ಲಿಂದ ಕಾಕ್‌ಪಿಟ್‌ನಲ್ಲಿ ಯಂತ್ರದ ದನಿ ಎತ್ತರವನ್ನು ಎಣಿಸತೊಡಗುತ್ತದೆ: ಐವತ್ತು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಬೋಯಿಂಗ್ 737ರಲ್ಲಾದರೆ 20 ಅಡಿ, ಏರ್‌ಬಸ್ 320ರಲ್ಲಾದರೆ 30 ಅಡಿ ಸುಮಾರಿಗೆ ಪೈಲಟ್ ಮೂತಿಯನ್ನು ಎರಡು-ಮೂರು ಡಿಗ್ರಿ ಮೇಲೆತ್ತಿ, ಎಂಜಿನ್ನಿನ ಬಲ ತಗ್ಗಿಸುತ್ತಾರೆ. ಇದಕ್ಕೆ ಫ್ಲೇರ್ ಎನ್ನುತ್ತಾರೆ. ಸೆಕೆಂಡಿಗೆ 11-12 ಅಡಿ ಇಳಿಯುತ್ತಿದ್ದ ವಿಮಾನ, ನೆಲ ಮುಟ್ಟುವಾಗ ಸೆಕೆಂಡಿಗೆ ಎರಡು-ಮೂರು ಅಡಿಗೆ ಬರುತ್ತದೆ. ಎಲ್ಲಾ ಮುಗಿಯುವುದು ಕೆಲವೇ ಸೆಕೆಂಡುಗಳಲ್ಲಿ.

ಇನ್ನೂ ಮೆತ್ತಗೆ ಇಳಿಸಬೇಕೆಂದು ಮೂತಿಯನ್ನು ಎತ್ತಿಯೇ ಹಿಡಿದರೆ ವಿಮಾನ ನೆಲ ಮುಟ್ಟದೆ ತೇಲುತ್ತ ಹೋಗುತ್ತದೆ. ತೇಲುವ ಒಂದೊಂದು ಸೆಕೆಂಡಿಗೂ ಸುಮಾರು 70 ಮೀಟರ್ ರನ್‌ವೇ ಹಿಂದೆ ಉಳಿಯುತ್ತದೆ. ಬ್ರೇಕ್ ಹಿಡಿಯಲು ಬೇಕಾದ ನೆಲವೇ ಅದು. ಕಲಬುರಗಿಯ ರನ್‌ವೇ 3 ಕಿ.ಮೀ.ಗೂ ಉದ್ದ ಇದೆಯಲ್ಲ, ಚಿಂತೆ ಏನು ಎನ್ನಬಹುದು. ಉದ್ದ ಇದ್ದಲ್ಲಿ ತೇಲುವ ಅಭ್ಯಾಸವಾದ ಕೈ ಗಿಡ್ಡ ರನ್‌ವೇಯಲ್ಲೂ ಅದನ್ನೇ ಮಾಡುತ್ತದೆ. ಅದಕ್ಕೇ ಎಲ್ಲಿ ಇಳಿದರೂ ಒಂದೇ ಶಿಸ್ತು.

ಮಳೆಯ ಮಾತಿಗೆ ಬರೋಣ. ನೆನೆದ ಶಹಾಬಾದ್ ಕಲ್ಲಿನ ಅಂಗಳದಲ್ಲಿ ಸವೆದ ಚಪ್ಪಲಿ ಹೇಗೆ ಜಾರುತ್ತದೋ, ನೀರು ನಿಂತ ರನ್‌ವೇ ಮೇಲೆ ಟೈರು ಹಾಗೆ ಜಾರುತ್ತದೆ. ಟೈರಿಗೂ ನೆಲಕ್ಕೂ ನಡುವೆ ನೀರಿನ ಪದರ ಕೂತುಬಿಡುತ್ತದೆ. ಟೈರಿನ ಗಾಳಿಯ ಒತ್ತಡ 200 ಪಿಎಸ್‌ಐ ಇದ್ದರೆ ಗಂಟೆಗೆ ಸುಮಾರು 235 ಕಿ.ಮೀ. ಮೀರಿದ ವೇಗದಲ್ಲಿ ಹೀಗಾಗಬಹುದು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕ. ವಿಮಾನ ಇಳಿಯುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ. ಗಟ್ಟಿಯಾಗಿ ಊರಿದರೆ ಟೈರು ನೀರನ್ನು ಸೀಳಿ ನೆಲ ಹಿಡಿಯುತ್ತದೆ, ಚಕ್ರ ತಕ್ಷಣ ತಿರುಗತೊಡಗುತ್ತದೆ.

ಚಕ್ರ ತಿರುಗಬೇಕು, ಅದರ ಮೇಲೆ ಭಾರ ಬೀಳಬೇಕು. ಆಗಲೇ ವಿಮಾನಕ್ಕೆ ತಾನು ನೆಲದ ಮೇಲಿದ್ದೇನೆಂದು ಗೊತ್ತಾಗುವುದು. ಗೊತ್ತಾದ ಕೂಡಲೇ ರೆಕ್ಕೆಯ ಮೇಲಿನ ಹಲಗೆಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಅವಕ್ಕೆ ಸ್ಪಾಯ್ಲರ್ ಎನ್ನುತ್ತಾರೆ; ರೆಕ್ಕೆಯ ಹಿಂದಿನ ಕಿಟಕಿ ಸಿಕ್ಕರೆ ನೀವೇ ನೋಡಬಹುದು. ರೆಕ್ಕೆಯ ಎತ್ತುವ ಬಲವನ್ನು ಮುರಿದು, ಇಡೀ ಭಾರವನ್ನು ಚಕ್ರಗಳ ಮೇಲೆ ಹಾಕುವುದು ಅವುಗಳ ಕೆಲಸ. ಅವು ಏಳದಿದ್ದರೆ ಬ್ರೇಕ್ ಒತ್ತಿದರೂ ಹಿಡಿತ ಸಾಲದು.

1993ರ ಸೆಪ್ಟೆಂಬರ್ 14ರಂದು ಪೋಲೆಂಡ್‌ನ ವಾರ್ಸಾದಲ್ಲಿ ಆದದ್ದು ಇದೇ. ಲುಫ್ತಾನ್ಸಾದ ಏರ್‌ಬಸ್ 320 ಮಳೆ-ಗಾಳಿಯಲ್ಲಿ ಇಳಿಯಿತು. ಅಡ್ಡಗಾಳಿ ಬೀಸುತ್ತಿದೆ ಎಂಬ ವರದಿ ನಂಬಿ ಪೈಲಟ್‌ಗಳು ನಿಯಮದಂತೆಯೇ ವೇಗ ಹೆಚ್ಚಿಟ್ಟುಕೊಂಡು, ಒಂದು ರೆಕ್ಕೆ ತಗ್ಗಿಸಿ ಇಳಿಸಿದರು. ಅಷ್ಟರಲ್ಲಿ ಗಾಳಿ ಹಿಂದಿನಿಂದ ತಳ್ಳತೊಡಗಿತ್ತು. ಬಲಗಡೆಯ ಚಕ್ರಗಳು ಹಗುರವಾಗಿ ತಾಗಿದವು. ಎಡಗಡೆಯವು ನೆಲ ಮುಟ್ಟಿದ್ದು ಸುಮಾರು 9 ಸೆಕೆಂಡು ತಡವಾಗಿ. ಎರಡೂ ಕಡೆ ಸಾಕಷ್ಟು ಭಾರ ಬೀಳುವ ತನಕ ಸ್ಪಾಯ್ಲರ್ ಏಳಲಿಲ್ಲ, ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ರಿವರ್ಸ್ ಕೂಡ ತೆರೆಯಲಿಲ್ಲ. ವಿಮಾನ ರನ್‌ವೇ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು, ಇಬ್ಬರು ಸತ್ತರು. ಆ ಚಕ್ರಗಳು ಮೊದಲೇ ಗಟ್ಟಿಯಾಗಿ ಊರಿದ್ದರೆ ಅಮೂಲ್ಯವಾದ ಆ ಸೆಕೆಂಡುಗಳು ಉಳಿಯುತ್ತಿದ್ದವು.

ನಮ್ಮ ನಾಡಿನ ಗಾಯ ಮಂಗಳೂರಿನದು. 2010ರ ಮೇ 22ರಂದು ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ತೀರಾ ಎತ್ತರದಲ್ಲಿ, ತೀರಾ ವೇಗದಲ್ಲಿ ಬಂತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದರೂ ಇಳಿಸುವುದು ನಿಲ್ಲಲಿಲ್ಲ. 2,450 ಮೀಟರ್ ರನ್‌ವೇಯಲ್ಲಿ 1,500 ಮೀಟರ್‌ಗೂ ಹೆಚ್ಚು ದಾಟಿದ ಮೇಲೆ ಚಕ್ರ ನೆಲ ಹಿಡಿಯಿತು. 158 ಜನ ಹೋದರು. ಆ ದಿನದ ಪಾಠ ಎಷ್ಟು ಮೆತ್ತಗೆ ಎಂಬುದರದ್ದಲ್ಲ, ಎಲ್ಲಿ ಎಂಬುದರದ್ದು. 500 ಅಡಿ ಎತ್ತರದಲ್ಲೂ ವೇಗ, ಇಳಿಜಾರು, ದಿಕ್ಕು ಹದಕ್ಕೆ ಬಂದಿಲ್ಲವೆಂದರೆ ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರಬೇಕು. ಮೋಡ ಕವಿದಿದ್ದರೆ 1,000 ಅಡಿಯಲ್ಲೇ ಈ ತೀರ್ಮಾನ. ಹೀಗೆ ಮೇಲೇರಿದ ವಿಮಾನದಲ್ಲಿ ನೀವಿದ್ದರೆ ದಯವಿಟ್ಟು ಆ ಪೈಲಟ್‌ನ್ನು ಬೈಯಬೇಡಿ.

ನಮ್ಮ ಭಾಗಕ್ಕೆ ಮಳೆಯಷ್ಟೇ ಬಿಸಿಲೂ ಮುಖ್ಯ. ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಗಾಳಿ ತೆಳುವಾಗುತ್ತದೆ. ಮೀಟರು ಅದೇ ವೇಗ ತೋರಿಸಿದರೂ, ನೆಲದ ಲೆಕ್ಕದಲ್ಲಿ ವಿಮಾನ ಶೇಕಡಾ 7ರಷ್ಟು ಜೋರಾಗಿ ಬರುತ್ತಿರುತ್ತದೆ. ನಿಲ್ಲಿಸುವಾಗ ಬ್ರೇಕಿಗೆ ಬೀಳುವ ಹೊರೆ ಶೇಕಡಾ 15ರ ಹತ್ತಿರ ಹೆಚ್ಚು. ಬೆಳೆ ತೆಗೆದ ಕರಿಮಣ್ಣಿನ ಹೊಲಗಳಿಂದ ಮಧ್ಯಾಹ್ನ ಬಿಸಿಗಾಳಿ ಮೇಲೇಳುವುದರಿಂದ ಕೊನೆಯ ಕೆಲವು ನೂರು ಅಡಿಗಳಲ್ಲಿ ವಿಮಾನ ಎತ್ತಿ ಹಾಕಿದಂತೆ ಆಗುತ್ತದೆ. ಬೀದರ್‌ನ ವಾಯುಪಡೆ ನೆಲೆಯಲ್ಲಿ ಹಾಕ್ ವಿಮಾನದಲ್ಲಿ ಕಲಿಯುವ ಯುವ ಪೈಲಟ್‌ಗಳೂ ಇದೇ ಸೀಮೆಯ ಗಾಳಿಯಲ್ಲಿ ಕೈ ಪಳಗಿಸಿಕೊಳ್ಳುತ್ತಾರೆ.

ಹಾಗಾದರೆ ನಿಜಕ್ಕೂ ಅತಿಯಾದ ಪೆಟ್ಟು ಯಾವುದು? ದೊಡ್ಡ ವಿಮಾನದ ಗಾಲಿ ಚೌಕಟ್ಟನ್ನು, ಇಳಿಯಲು ಅನುಮತಿ ಇರುವ ಗರಿಷ್ಠ ತೂಕದಲ್ಲೂ ಸೆಕೆಂಡಿಗೆ 10 ಅಡಿಯಂತೆ ಇಳಿದು ಬಡಿದರೆ ತಡೆಯುವಂತೆ ಕಟ್ಟಿರುತ್ತಾರೆ. ನಮ್ಮ ಎದೆ ಝಲ್ಲೆನಿಸುವ ಬಹಳಷ್ಟು ಇಳಿತಗಳು ಅದರ ಅರ್ಧಕ್ಕೂ ಬರುವುದಿಲ್ಲ. ಪೆಟ್ಟು ಮಿತಿ ಮೀರಿದೆ ಎನಿಸಿದರೆ ಪೈಲಟ್ ಅದನ್ನು ಬರೆದಿಡಬೇಕು. ಎಂಜಿನಿಯರ್‌ಗಳು ಗಾಲಿ, ರೆಕ್ಕೆಯ ಬುಡ ಎಲ್ಲಾ ತಪಾಸಣೆ ಮಾಡುವವರೆಗೆ ಆ ವಿಮಾನ ಹಾರುವಂತಿಲ್ಲ. ನಿಮ್ಮನ್ನು ಇಳಿಸಿದ ವಿಮಾನವೇ ಸ್ವಲ್ಪ ಹೊತ್ತಿನಲ್ಲಿ ಬೇರೆಯವರನ್ನು ಹತ್ತಿಸಿಕೊಂಡು ಬೆಂಗಳೂರಿಗೆ ಹೊರಟಿತು ಎಂದು ಪತ್ರದ ಕೊನೆಗೆ ಬರೆದಿದ್ದೀರಿ. ಹಾಗಿದ್ದರೆ ಅಂದಿನ ಪೆಟ್ಟು ಮಿತಿಯೊಳಗೇ ಇತ್ತೆಂದು ನಿಮ್ಮವ್ವನವರಿಗೆ ಧೈರ್ಯವಾಗಿ ಹೇಳಿ.