ಲಂಟಾನ ಕಿತ್ತ ಜಾಗಕ್ಕೆ ಹುಲ್ಲು ತರುವುದು: ಜೊತೆ ಕಲಿಯುವವರಿಗೆ ಟಿಪ್ಪಣಿ

ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಎಲೆ ಉದುರಿಸುವ ಕಾಡುಗಳನ್ನು ಮುಂದಿಟ್ಟುಕೊಂಡು ಬರೆದ ಟಿಪ್ಪಣಿ ಇದು. ಬಯಲುಸೀಮೆಯ ಕಾವಲುಗಳ, ಅಂದರೆ ಹುಲ್ಲುಗಾವಲುಗಳ ವಿಷಯ ಕೊನೆಯಲ್ಲಿ ಸ್ವಲ್ಪ ಬರುತ್ತದೆ. ಲಂಟಾನ ಎಂಬ ಹೊರನಾಡಿನ ಪೊದೆಗಿಡ ಎಲ್ಲಿಂದ ಬಂತು, ಹೇಗೆ ಹರಡಿತು ಎನ್ನುವುದು ಎಲ್ಲ ಪಠ್ಯದಲ್ಲೂ ಇದೆ, ಬಿಟ್ಟಿದ್ದೇನೆ. ಇಷ್ಟು ನೆನಪಿದ್ದರೆ ಸಾಕು: ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಸಮೀಕ್ಷೆಗೆ ಗುರುತಿಸಿದ ನೆಲದ ತುಂಡುಗಳ ಪೈಕಿ ಶೇ 41ರಲ್ಲಿ ಕಂಡಿದ್ದ ಲಂಟಾನ 2008ರ ಹೊತ್ತಿಗೆ ಶೇ 81ರಲ್ಲಿತ್ತು.

ಈ ಕಾಡಿನಲ್ಲಿ ಮರಗಳ ನಡುವೆ ಅಂತರ ಇರಲೇಬೇಕು. ದಿಂಡಿಗ, ಮತ್ತಿ, ಹೊನ್ನೆ, ತಾರೆ, ನೆಲ್ಲಿ ಮರಗಳ ಸಂದಿಯಿಂದ ಬಿಸಿಲು ನೆಲಕ್ಕೆ ಬೀಳುತ್ತದೆ, ಆ ಬಿಸಿಲಿಗೆ ಹುಲ್ಲು ಬರುತ್ತದೆ. ಜಿಂಕೆ, ಕಾಟಿ, ಆನೆ ಆ ಹುಲ್ಲಿನ ಮೇಲೆ ನಿಂತಿವೆ. ಹುಲಿ, ಸೀಳುನಾಯಿಗಳು ಅವುಗಳ ಮೇಲೆ ನಿಂತಿವೆ. ಲಂಟಾನ ಆ ಬಿಸಿಲನ್ನು ಮೇಲೆಯೇ ತಡೆಯುತ್ತದೆ. ಹಾಗಾಗಿ ಲಂಟಾನ ಕಿತ್ತು ಆ ಜಾಗಕ್ಕೆ ಒತ್ತೊತ್ತಾಗಿ ಸಸಿ ನೆಟ್ಟರೆ ಹುಲ್ಲಿನ ಪಾಲಿಗೆ ಏನೂ ಬದಲಾಗುವುದಿಲ್ಲ.

ಎಲ್ಲಿ ಕತ್ತರಿಸಬೇಕು

ಹೆಚ್ಚಿನವರು ಎಡವುವುದು ಇಲ್ಲೇ. ಅದಕ್ಕೇ ಇದನ್ನು ಉದ್ದಕ್ಕೆ ಬಿಡಿಸಿ ಬರೆಯುತ್ತಿದ್ದೇನೆ.

ಮಚ್ಚಿನಿಂದ ನೆಲಮಟ್ಟಕ್ಕೆ ಕಡಿದ ಲಂಟಾನ ಮುಂದಿನ ಮಳೆಗೆ ಮೊದಲಿಗಿಂತ ಹೆಚ್ಚು ಕವಲೊಡೆದು ಬರುತ್ತದೆ. ಕಾಂಡದ ಬುಡ ಮತ್ತು ಬೇರು ಸೇರುವ ಕಡೆ ಒಂದು ಗಂಟಿನಂಥ ಭಾಗ ಇದೆ. ಚಿಗುರುವ ಕಣ್ಣುಗಳೆಲ್ಲ ಇರುವುದು ಅಲ್ಲಿ. ಅದರ ಕೆಳಗಿನ ತಾಯಿಬೇರು ತಾನಾಗಿ ಚಿಗುರುವುದಿಲ್ಲ. ಆದ್ದರಿಂದ ಗಂಟು ಪೂರ್ತಿ ಮೇಲೆ ಬರುವ ಹಾಗೆ, ಅದರ ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಅವರ ತಂಡ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕೆಲಸ ಮಾಡಿ 2009ರಲ್ಲಿ ಪ್ರಕಟಿಸಿದ ವಿಧಾನ ಇದು. ಅದರ ಪ್ರಕಾರ ಕತ್ತರಿಸುವ ಆಳ ನೆಲದಿಂದ 3ರಿಂದ 5 ಸೆಂ.ಮೀ. ಕೆಳಗೆ.

ಈ 3ರಿಂದ 5 ಸೆಂ.ಮೀ. ಅಂಕಿಯನ್ನು ಬಾಯಿಪಾಠ ಮಾಡಿ ಕಾಡಿಗೆ ಹೋದರೆ ಅರ್ಧ ಗಿಡಗಳು ಮತ್ತೆ ಚಿಗುರಬಹುದು. ದಟ್ಟ ಪೊದೆಯ ಕೆಳಗೆ ವರ್ಷಗಟ್ಟಲೆ ತರಗು ಬಿದ್ದಿರುತ್ತದೆ. ಇಳಿಜಾರಿನಲ್ಲಾದರೆ ಮೇಲಿನಿಂದ ಹರಿದುಬಂದ ಮಣ್ಣು ಬುಡದ ಸುತ್ತ ಕೂತಿರುತ್ತದೆ. ಕಣ್ಣಿಗೆ ಕಾಣುವ ನೆಲಮಟ್ಟ ಒಂದು, ಗಿಡ ಹುಟ್ಟಿದಾಗಿನ ನೆಲಮಟ್ಟ ಇನ್ನೊಂದು. ತರಗಿನ ಮೇಲಿಂದ 5 ಸೆಂ.ಮೀ. ಅಳೆದರೆ ಗುದ್ದಲಿ ಬೀಳುವುದು ಕಾಂಡಕ್ಕೆ, ಗಂಟು ಮಣ್ಣಿನಲ್ಲೇ ಉಳಿಯುತ್ತದೆ.

ಹಾಗಾಗಿ ಅಳತೆಯನ್ನು ಮಣ್ಣಿನಿಂದ ಶುರು ಮಾಡದೆ ಗಿಡದಿಂದಲೇ ಶುರು ಮಾಡಿ. ಮೊದಲು ಬುಡದ ಸುತ್ತ ಒಂದು ಅಡಿ ಅಗಲಕ್ಕೆ ತರಗು ಸರಿಸಿ. ಗುದ್ದಲಿಯ ತುದಿಯಿಂದ, ಇಲ್ಲವೇ ಕೈಗವಸು ಹಾಕಿಕೊಂಡು ಬೆರಳಿನಿಂದ, ಮಣ್ಣು ಕೆರೆಯುತ್ತ ಕಾಂಡದ ಜೊತೆಗೇ ಕೆಳಗೆ ಹೋಗಿ. ಮೊದಲ ದಪ್ಪ ಪಕ್ಕದ ಬೇರು ಸಿಗುವವರೆಗೆ ನಿಲ್ಲಬೇಡಿ. ಆ ಬೇರು ಹೊರಡುವ ಜಾಗಕ್ಕಿಂತ ಕೆಳಗೆ ತಾಯಿಬೇರಿಗೆ ಏಟು ಹಾಕಿ. ನಾಲ್ಕು ಗಿಡ ಹೀಗೆ ಬಿಡಿಸಿದರೆ ಕೈಗೆ ಅಂದಾಜು ಸಿಗುತ್ತದೆ, ಆಮೇಲೆ ಪ್ರತಿ ಗಿಡಕ್ಕೂ ಕೆರೆಯುವ ಅಗತ್ಯ ಬೀಳುವುದಿಲ್ಲ.

ಸರಿಯಾಗಿ ಬಂದಿದೆಯೇ ಎಂದು ನೋಡುವುದು ಸುಲಭ. ಎತ್ತಿದ ಬುಡವನ್ನು ತಿರುಗಿಸಿ. ಪಕ್ಕದ ಬೇರುಗಳ ಮೊಟ್ಟುಗಳು ಸುತ್ತಲೂ ಅಂಟಿಕೊಂಡಿದ್ದು, ನಡುವೆ ತಾಯಿಬೇರಿನ ಒಂದೇ ಒಂದು ಕಡಿದ ಬಾಯಿ ಕಂಡರೆ ಗಂಟು ನಿಮ್ಮ ಕೈಯಲ್ಲಿದೆ. ಬರೀ ಕಾಂಡಗಳ ಕಡಿದ ತುದಿಗಳು ಕಂಡರೆ ಗಂಟು ಇನ್ನೂ ನೆಲದಲ್ಲಿದೆ, ಅದೇ ಗುಂಡಿಗೆ ಮತ್ತೆ ಗುದ್ದಲಿ ಹಾಕಬೇಕು.

ಇನ್ನೊಂದು ಮೋಸ ಇದೆ. ಲಂಟಾನದ ಬಾಗಿದ ಕೊಂಬೆ ಒದ್ದೆ ಮಣ್ಣಿಗೆ ತಾಗಿದ ಕಡೆ ಗೆಣ್ಣಿನಿಂದ ಬೇರು ಬಿಡುತ್ತದೆ. ಒಂದೇ ಪೊದೆ ಎಂದುಕೊಂಡದ್ದರಲ್ಲಿ ಮೂರು ನಾಲ್ಕು ಬೇರೂರಿದ ಜಾಗಗಳಿರಬಹುದು. ಮುಖ್ಯ ಬುಡ ಕಿತ್ತ ಮೇಲೆ ಪ್ರತಿ ಕೊಂಬೆಯನ್ನೂ ತುದಿಯವರೆಗೆ ಎಳೆದು ನೋಡಿ. ಎಲ್ಲಿ ಹಿಡಿದುಕೊಂಡಿದೆಯೋ ಅಲ್ಲಿ ಇನ್ನೊಂದು ಬೇರು ಇದೆ.

ಕಿತ್ತ ಪೊದೆಯನ್ನು ತಲೆಕೆಳಗಾಗಿ, ಬೇರು ಆಕಾಶಕ್ಕೆ ಬರುವ ಹಾಗೆ ಇಡಬೇಕು. ಅಡ್ಡ ಮಲಗಿಸಿದರೆ ಮಳೆಗಾಲದಲ್ಲಿ ಮತ್ತೆ ಬೇರು ಹಿಡಿಯುತ್ತದೆ. ಮರದ ಬುಡಕ್ಕೆ ರಾಶಿ ಹಾಕಬೇಡಿ. ಬೇಸಿಗೆಯಲ್ಲಿ ಆ ರಾಶಿಗೆ ಕಿಡಿ ತಾಗಿದರೆ ಮೇಲಿನ ಮರವೂ ಹೋಗುತ್ತದೆ.

ಜೆಸಿಬಿ ಬಳಸಿದರೆ ಕೆಲಸ ಬೇಗ ಮುಗಿಯುತ್ತದೆ ನಿಜ. ಆದರೆ ಅದು ಮಣ್ಣನ್ನು ಪೂರ್ತಿ ಮಗುಚುತ್ತದೆ, ಪೊದೆಯ ಒಳಗೆ ಬದುಕಿ ಉಳಿದಿದ್ದ ಸಣ್ಣ ನೆಲ್ಲಿ, ದಿಂಡಿಗದ ಸಸಿಗಳನ್ನೂ ಹುಲ್ಲಿನ ಬುಡಗಳನ್ನೂ ಒಟ್ಟಿಗೆ ಕೀಳುತ್ತದೆ. ಮಗುಚಿದ ಮಣ್ಣಿಗೆ ಮೊದಲು ಬರುವುದು ಪಾರ್ಥೇನಿಯಂ, ಯುಪಟೋರಿಯಂ ಕಳೆಗಳು. ಬುಟ್ಟಿ, ಪೀಠೋಪಕರಣ ಮಾಡುವವರು ಲಂಟಾನದ ಕಡ್ಡಿ ಕೊಯ್ಯುವುದು ಒಳ್ಳೆಯದೇ, ಅದರಿಂದ ಕಾಡಂಚಿನ ಜನರಿಗೆ ದುಡಿಮೆ ಸಿಗುತ್ತದೆ. ಆದರೆ ಕಡ್ಡಿ ಕೊಯ್ದ ಬುಡ ಚಿಗುರುತ್ತದೆ, ಅದನ್ನು ತೆರವು ಎಂದು ಲೆಕ್ಕಕ್ಕೆ ಬರೆಯಬಾರದು.

ಈ ಎಲ್ಲ ಕೆಲಸಕ್ಕೆ ಹೊತ್ತು ಜೂನ್‌ನಿಂದ ಸೆಪ್ಟೆಂಬರ್, ಮಣ್ಣು ಮೆತ್ತಗಿರುವಾಗ. ಕಾಯಿ ಕಪ್ಪಾಗುವ ಮೊದಲು ಮುಗಿಸಿದರೆ ಉತ್ತಮ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಸಂರಕ್ಷಿತ ಕಾಡಿನಲ್ಲಿ ಒಂದು ಬುಡಕ್ಕೂ ಕೈ ಹಾಕುವಂತಿಲ್ಲ.

ಎಷ್ಟು ಎಕರೆ ಹಿಡಿಯಬೇಕು

ಕಿತ್ತ ಮೇಲೆ ಮಣ್ಣಿನಲ್ಲಿ ಬೀಜ ಉಳಿದಿರುತ್ತದೆ. ಪಿಕಳಾರ, ಗೊರವಂಕ ಪಕ್ಕದ ಪೊದೆಯ ಹಣ್ಣು ತಿಂದು ಬಂದು ಹೊಸ ಬೀಜ ಹಾಕುತ್ತವೆ. ಆದ್ದರಿಂದ ಕನಿಷ್ಠ ಮೂರು ಮಳೆಗಾಲ ಅದೇ ಜಾಗಕ್ಕೆ ಮತ್ತೆ ಬಂದು ಲಂಟಾನದ ಸಸಿ ಕೀಳಬೇಕು. ಎಲ್ಲ ಕಡೆ ಒಂದೇ ಸಮ ಹುಡುಕಬೇಕಿಲ್ಲ. ಹಕ್ಕಿ ಕೂರುವ ಮರಗಳ ಕೆಳಗೆ ಮತ್ತು ನೀರು ಹರಿಯುವ ಸಣ್ಣ ಹಳ್ಳಗಳ ಅಂಚಿಗೆ ಸಸಿ ಗುಂಪಾಗಿ ಸಿಗುತ್ತದೆ. ಮೊದಲು ಅಲ್ಲಿಗೆ ಹೋಗಿ.

ಸಸಿ ಗುರುತಿಸುವಾಗ ಎಳೆಯ ತೇಗವನ್ನು ಲಂಟಾನ ಎಂದು ಕೀಳುವವರಿದ್ದಾರೆ. ಎರಡಕ್ಕೂ ಚೌಕ ಕಾಂಡ, ಎದುರುಬದುರು ಎಲೆ, ಒರಟು ಮೈ. ಎಲೆಯನ್ನು ಬೆರಳಲ್ಲಿ ಉಜ್ಜಿ: ಲಂಟಾನವಾದರೆ ಗಾಟು ವಾಸನೆ ಹೊಡೆಯುತ್ತದೆ, ತೇಗದ ಎಳೆ ಎಲೆಯಾದರೆ ಬೆರಳು ಕೆಂಪಾಗುತ್ತದೆ.

ಈಗ ಲೆಕ್ಕ. ನಿಮ್ಮ ತಂಡಕ್ಕೆ ಒಂದು ಮಳೆಗಾಲದಲ್ಲಿ 12 ಎಕರೆ ಸುತ್ತಿ ಸಸಿ ಕೀಳುವಷ್ಟು ಕೈ ಇದೆ ಎಂದುಕೊಳ್ಳಿ. ಮೊದಲ ವರ್ಷ ಹಳೆಯ ಜಾಗ ಯಾವುದೂ ಇಲ್ಲವಲ್ಲ, ಹುಮ್ಮಸ್ಸಿನಲ್ಲಿ 12 ಎಕರೆಯನ್ನೂ ಕಿತ್ತುಬಿಡಬಹುದು. ಎರಡನೇ ವರ್ಷ ಆ 12 ಎಕರೆಗೇ ಕೈ ಸಾಲುತ್ತದೆ. ಆದರೂ ಗುರಿ ಕೊಟ್ಟಿದ್ದಾರೆಂದು ಇನ್ನೊಂದು 12 ಎಕರೆ ಕಿತ್ತರೆ ಮೂರನೇ ವರ್ಷ 24 ಎಕರೆ ಕಾಯುತ್ತಿರುತ್ತದೆ, ಅರ್ಧ ಬಿಟ್ಟುಹೋಗುತ್ತದೆ. ಬಿಟ್ಟುಹೋದ ಅರ್ಧ ಮತ್ತೆ ಪೊದೆಯಾಗುತ್ತದೆ, ಆ ದುಡಿಮೆ ಪೂರ್ತಿ ನಷ್ಟ. ಒಂದೊಂದು ಎಕರೆಗೂ ಮೂರು ವರ್ಷ ಹಿಂಬಾಲಿಸಬೇಕಾದರೆ ವರ್ಷಕ್ಕೆ ಹೊಸದಾಗಿ ಹಿಡಿಯಬೇಕಾದದ್ದು 12 ಭಾಗಿಸು 3, ಅಂದರೆ 4 ಎಕರೆ. ನಾಲ್ಕನೇ ವರ್ಷಕ್ಕೆ ಒಂದು, ಎರಡು, ಮೂರನೇ ವರ್ಷದ ತಲಾ 4 ಎಕರೆ ಸೇರಿ 12 ಎಕರೆ ಹಿಂಬಾಲಿಕೆ ಆಗುತ್ತದೆ, ಮುಂದೆಯೂ ಅಷ್ಟರಲ್ಲೇ ನಿಲ್ಲುತ್ತದೆ. ಯೋಜನಾ ಕಾಗದದಲ್ಲಿ ಈ 4 ತೀರಾ ಚಿಕ್ಕದಾಗಿ ಕಾಣುತ್ತದೆ. ಉಳಿಯುವ ಎಕರೆ ಮಾತ್ರ ಅದೇ.

ಶುರು ಮಾಡುವುದು ದಟ್ಟ ಪೊದೆಯಿಂದ ಬೇಡ. ಹುಲ್ಲು ಇನ್ನೂ ಉಸಿರಾಡುತ್ತಿರುವ, ಲಂಟಾನ ಅಲ್ಲೊಂದು ಇಲ್ಲೊಂದು ಇರುವ ಅಂಚಿನಿಂದ ಒಳಕ್ಕೆ ಹೋಗಿ. ಅಲ್ಲಿ ಹುಲ್ಲು ತಾನೇ ಹರಡಿ ನೆಲ ಮುಚ್ಚುತ್ತದೆ, ಬೀಜದ ಖರ್ಚೂ ಉಳಿಯುತ್ತದೆ.

ಹುಲ್ಲಿನ ಬೀಜ

ಪೊದೆ ಹಳೆಯದಾಗಿದ್ದರೆ ಮಣ್ಣಿನಲ್ಲಿ ಹುಲ್ಲಿನ ಬೀಜ ಉಳಿದಿರುವುದಿಲ್ಲ, ಹೊರಗಿನಿಂದ ತರಬೇಕು. ಹತ್ತಿರದ, ಅದೇ ಮಣ್ಣಿನ ಜಾಗದಿಂದಲೇ ತನ್ನಿ. ಬಹುವಾರ್ಷಿಕ, ಅಂದರೆ ವರ್ಷ ವರ್ಷ ಅದೇ ಬುಡದಿಂದ ಚಿಗುರುವ ಹುಲ್ಲುಗಳೇ ಬೇಕು: ಹೆಟೆರೊಪೊಗಾನ್, ಥೀಮೆಡಾ, ಸೆಹಿಮಾ, ಕಪ್ಪು ಮಣ್ಣಿನಲ್ಲಾದರೆ ಡೈಕ್ಯಾಂಥಿಯಂ. ಒಂದು ಹುಲ್ಲು ಬಹುವಾರ್ಷಿಕವೋ ಅಲ್ಲವೋ ತಿಳಿಯಲು ಬುಡ ಬಿಡಿಸಿ ನೋಡಿ. ಹೊಸ ತೆಂಡೆಗಳ (ಬುಡದಿಂದ ಒಡೆದ ಕವಲುಗಳ) ನಡುವೆ ಹೋದ ವರ್ಷದ ಒಣ ಮೊಟ್ಟುಗಳಿದ್ದರೆ ಬಹುವಾರ್ಷಿಕ.

ಹೆಟೆರೊಪೊಗಾನ್ ಕಾಳಿಗೆ ಒಂದು ತುದಿಯಲ್ಲಿ ಚೂಪು ಮೊನೆ, ಇನ್ನೊಂದು ತುದಿಯಲ್ಲಿ ಉದ್ದನೆಯ ಕಂದು ಎಳೆ. ಮಾಗಿದಾಗ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಜಡೆಯಂತೆ ಕಾಣುತ್ತವೆ. ಒಂದು ಕಾಳನ್ನು ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಡಿ: ಎಳೆ ತಿರುಚಿಕೊಂಡಿದ್ದು ಬಿಚ್ಚುತ್ತ ಕಾಳನ್ನು ತಿರುಗಿಸುತ್ತದೆ. ನೆಲದಲ್ಲಿ ಹೀಗೆ ತಿರುಗಿಯೇ ಅದು ಮಣ್ಣಿನ ಬಿರುಕಿಗೆ ಇಳಿಯುತ್ತದೆ. ಹಾಗಾಗಿ ಈ ಬೀಜಕ್ಕೆ ಎಳೆ ಕತ್ತರಿಸಿ ಸ್ವಚ್ಛ ಮಾಡುವ ಗೋಜು ಬೇಡ.

ಕೊಯ್ಲಿನ ಅವಧಿ ಚಿಕ್ಕದು. ಬೀಜ ಮಾಗಿದ ಕೆಲವೇ ದಿನಗಳಲ್ಲಿ ಉದುರುತ್ತದೆ. ತೆನೆಯನ್ನು ಮುಷ್ಟಿಯಲ್ಲಿ ಹಿಡಿದು ಮೃದುವಾಗಿ ಎಳೆದಾಗ ಕಾಳು ಕೈಗೆ ಬಂದರೆ ಮಾಗಿದೆ. ಎಳೆದರೂ ಬಾರದಿದ್ದರೆ ಇನ್ನೂ ಹಸಿ. ಒಂದೇ ಜಾಗದ ತೆನೆಯನ್ನೆಲ್ಲ ಬೋಳಿಸಬೇಡಿ.

ಚೀಲ ತುಂಬಿದೆಯೆಂದು ಬೀಜ ಸಿಕ್ಕಿದೆ ಎಂದುಕೊಳ್ಳಬಾರದು, ಇದರಲ್ಲಿ ಜೊಳ್ಳು ಬಹಳ. ಹಿಡಿಯಿಂದ 100 ಕಾಳು ಎಣಿಸಿ ತೆಗೆದು ಒಂದೊಂದನ್ನೂ ಉಗುರಿನಿಂದ ಒತ್ತಿ ನೋಡಿ, ಒಳಗೆ ಗಟ್ಟಿ ಸಿಕ್ಕವು ಮಾತ್ರ ಲೆಕ್ಕ. ಆಮೇಲೆ ಒದ್ದೆ ಬಟ್ಟೆಯಲ್ಲಿಟ್ಟು ಮೊಳಕೆ ನೋಡಿ. ಕೊಯ್ದ ಕೂಡಲೆ ನೋಡಿದರೆ ಹೆಚ್ಚಿನವು ಮೊಳೆಯುವುದಿಲ್ಲ, ಬೀಜ ಕೆಟ್ಟಿದೆ ಎಂದು ಎಸೆದುಬಿಡುತ್ತಾರೆ. ಈ ಹುಲ್ಲುಗಳ ಹೊಸ ಬೀಜ ಕೆಲವು ತಿಂಗಳು ನಿದ್ದೆಯಲ್ಲಿರುತ್ತದೆ. ಗಾಳಿಯಾಡುವ ಬಟ್ಟೆ ಚೀಲದಲ್ಲಿ ಬೇಸಿಗೆ ಪೂರ್ತಿ ಇಟ್ಟು ಮೇ ಕೊನೆಗೆ ಪರೀಕ್ಷಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಹಿಡಿಯುತ್ತದೆ.

ಬಿತ್ತುವುದು ಮೊದಲ ಹದ ಮಳೆಗೆ, ಹೆಕ್ಟೇರಿಗೆ 4ರಿಂದ 6 ಕೆ.ಜಿ. ಕಾಳು ತೀರಾ ಹಗುರ, ಗಾಳಿಗೆ ಹಾರಿಹೋಗದಂತೆ ತೇವದ ಮಣ್ಣು, ಸಗಣಿ ಕಲಸಿ ಎರಚಿ. ಆಳಕ್ಕೆ ಹಾಕಬೇಡಿ, ಒಂದು ಸೆಂ.ಮೀ. ಮಣ್ಣು ಮುಚ್ಚಿದರೆ ಸಾಕು. ಮಣ್ಣು ಕೊಚ್ಚಿಹೋಗುವ ಇಳಿಜಾರಿನಲ್ಲಿ ಬೀಜಕ್ಕಿಂತ ಬೇರು ಸಮೇತ ಸೀಳಿದ ತೆಂಡೆ ನೆಡುವುದು ಭದ್ರ. 50 ಸೆಂ.ಮೀ. ಅಂತರಕ್ಕೆ ಹೆಕ್ಟೇರಿಗೆ 40,000, ಎಕರೆಗೆ ಸುಮಾರು 16,000 ಬೇಕು. ಎಲೆ ಒಂದು ಗೇಣಿಗೆ ಕತ್ತರಿಸಿ, ಕಿತ್ತ ದಿನವೇ ನೆಡಿ.

ಮೊದಲ ಮಳೆಗಾಲದಲ್ಲಿ ದನ ಬಿಡಬಾರದು. ಜಿಂಕೆಗೆ ಯಾರೂ ಹೇಳಲಾಗುವುದಿಲ್ಲ. ಸುತ್ತ ಎಲ್ಲೂ ಹುಲ್ಲಿಲ್ಲದ ಕಡೆ ಕಾಲು ಎಕರೆ ಹಸಿರು ಮಾಡಿದರೆ ಹಿಂಡು ಅಲ್ಲೇ ಬಿಡಾರ ಹೂಡಿ ಬುಡದವರೆಗೆ ಮೇಯುತ್ತದೆ. ತುಂಡುಗಳು ದೊಡ್ಡವಾಗಿರಲಿ, ಅಥವಾ ಒಣಗಿದ ಲಂಟಾನದ ಪೊದೆಗಳನ್ನೇ ಹೊಸ ತೆಂಡೆಗಳ ಮೇಲೆ ಒಂದು ಮಳೆಗಾಲದ ಮಟ್ಟಿಗೆ ಹರಡಿ, ಬೇಸಿಗೆಗೆ ಮೊದಲು ತೆಗೆದುಬಿಡಿ.

ಬೆಂಕಿ

ಈ ಬೆಟ್ಟಗಳ ಆದಿವಾಸಿಗಳಾದ ಸೋಲಿಗರು ಹಿಂದೆ ಚಳಿಗಾಲ ಮುಗಿಯುವ ಹೊತ್ತಿಗೆ ತರಗು ಬೆಂಕಿ ಹಾಕುತ್ತಿದ್ದರು. ಇಬ್ಬನಿಯ ತೇವ ಪೂರ್ತಿ ಆರದ ನೆಲದಲ್ಲಿ ಅದು ಮೊಣಕಾಲೆತ್ತರಕ್ಕೆ ಹರಿದು ಆರುತ್ತಿತ್ತು. ಅಭಯಾರಣ್ಯವಾದ ಮೇಲೆ ಅದು ನಿಂತಿತು, ಲಂಟಾನ ಹೆಚ್ಚಿದ್ದಕ್ಕೆ ಇದೂ ಒಂದು ಕಾರಣ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಅವರ ಮಾತಿಗೆ ತೂಕ ಇದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ, ಕಾಡಿನ ನಿರ್ವಹಣೆಯಲ್ಲಿ ಅವರನ್ನು ಕೇಳದೆ ಮಾಡುವ ಯೋಜನೆ ಅರೆಬರೆಯೇ.

ಆದರೆ ಇಲ್ಲಿ ಕಲಿಯುವವರು ಒಂದು ತಪ್ಪು ತೀರ್ಮಾನಕ್ಕೆ ಹಾರುತ್ತಾರೆ: ಹಾಗಾದರೆ ಈಗ ಬೆಂಕಿ ಹಾಕಿದರೆ ಲಂಟಾನ ಹೋಗುತ್ತದಲ್ಲ? ಹೋಗುವುದಿಲ್ಲ. ತರಗು ಬೆಂಕಿಗೆ ಬೇಕಾದ ಹುಲ್ಲುನೆಲ ಈಗ ಅಲ್ಲಿಲ್ಲ. ಆಳೆತ್ತರದ ಒಣ ಲಂಟಾನಕ್ಕೆ ಬಿದ್ದ ಬೆಂಕಿ ಮರದ ನೆತ್ತಿಗೇ ಏರುತ್ತದೆ, ಬುಡದ ಗಂಟು ಮಾತ್ರ ಮಣ್ಣಿನೊಳಗೆ ಉಳಿದು ಮಳೆಗೆ ಚಿಗುರುತ್ತದೆ. ಮೊದಲು ಕೀಳುವುದು, ಆಮೇಲೆ ಹುಲ್ಲು ಬರುವುದು, ಅದಾದ ಮೇಲಷ್ಟೇ ಬೆಂಕಿಯ ಮಾತು, ಅದೂ ಇಲಾಖೆ ಮತ್ತು ಸೋಲಿಗರು ಕೂಡಿ ಮಾಡುವಂಥದ್ದು.

ಕಾವಲು ಮತ್ತು ಬಳ್ಳಾರಿ ಜಾಲಿ

ಬಯಲುಸೀಮೆಯಲ್ಲಿ ಸಮಸ್ಯೆ ಬೇರೆ. ಅಮೃತಮಹಲ್ ಕಾವಲುಗಳು, ರಾಣೆಬೆನ್ನೂರು, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು, ಇವೆಲ್ಲ ಹುಟ್ಟಿನಿಂದಲೇ ಬಯಲು. ಮರ ಕಡಿದು ಆದ ಬಂಜರು ಎಂದು ತಿಳಿದು ಇಂಥ ಕಡೆ ನೀಲಗಿರಿ ನೆಟ್ಟರು. ರಾಣೆಬೆನ್ನೂರಿನ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತ (ಬಸ್ಟರ್ಡ್) ಹಕ್ಕಿ ಇತ್ತು, ಈಗಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ, ದೂರದಿಂದ ಶತ್ರುವನ್ನು ಕಂಡು ತಪ್ಪಿಸಿಕೊಳ್ಳುವ ಹಕ್ಕಿಗೆ ನೆಡುತೋಪಿನಲ್ಲಿ ಜಾಗವೇ ಇಲ್ಲ. ಇಲ್ಲಿ ಸಸಿಗೆ ಗುಂಡಿ, ಕಂದಕ ತೋಡುವುದೇ ಹಾನಿ: ಬಹುವಾರ್ಷಿಕ ಹುಲ್ಲಿನ ಬುಡ ಹೋಗಿ ಕಳೆ ಬರುತ್ತದೆ.

ಇಂಥ ಬಯಲಿಗೆ ನುಗ್ಗುವ ಮುಳ್ಳುಮರ ಬಳ್ಳಾರಿ ಜಾಲಿ, ಅದಕ್ಕೆ ಲಂಟಾನದ ಲೆಕ್ಕ ಸಾಲದು. ಚಿಗುರು ಕಣ್ಣು ಇನ್ನೂ ಆಳದಲ್ಲಿರುತ್ತದೆ, ಬೇರನ್ನು 10ರಿಂದ 30 ಸೆಂ.ಮೀ. ಕೆಳಗೆ ಕತ್ತರಿಸಬೇಕು. ಕಾಯಿ ಸಿಹಿ, ಕುರಿ ದನ ತಿಂದು ಸಗಣಿಯಲ್ಲಿ ಬೀಜ ಹಾಕುತ್ತವೆ. ಕಾಯಿ ಬಿಡುವ ಕಾಲದಲ್ಲಿ ಜಾಲಿಯ ಕಡೆಯಿಂದ ಬಂದ ಮಂದೆಯನ್ನು ನೇರವಾಗಿ ತೆರವಾದ ಕಾವಲಿಗೆ ಹೊಡೆಯದಂತೆ ಕುರಿಗಾಹಿಗಳ ಜೊತೆ ಮೊದಲೇ ಕೂತು ಮಾತಾಡಬೇಕು. ಮೇಯಿಸುವುದನ್ನೇ ಪೂರ್ತಿ ನಿಲ್ಲಿಸುವುದೂ ಸರಿಯಲ್ಲ, ಕಾವಲು ಬೆಳೆದದ್ದು ಮೇಯುವ ಬಾಯಿಗಳ ಜೊತೆಗೇ.

ಅಳೆಯುವುದು

ಗೂಟ ನೆಟ್ಟು ಒಂದು ಮೀಟರ್ ಚೌಕ ಗುರುತು ಮಾಡಿ. ಪ್ರತಿ ವರ್ಷ ಮಳೆಗಾಲ ಮುಗಿದಾಗ ಅದೇ ಚೌಕಗಳಲ್ಲಿ ಮೂರು ಬರೆಯಿರಿ: ಬಹುವಾರ್ಷಿಕ ಹುಲ್ಲಿನ ಬುಡ ಎಷ್ಟು, ಲಂಟಾನ ಸಸಿ ಎಷ್ಟು, ಬರಿ ನೆಲ ಎಷ್ಟು ಪಾಲು. ಅದೇ ಗೂಟದ ಬಳಿ ನಿಂತು ಅದೇ ದಿಕ್ಕಿಗೆ ಫೋಟೊ ತೆಗೆಯಿರಿ. ಮೊದಲ ವರ್ಷ ಪೂರ್ತಿ ಹಸಿರಾಗಿ ಕಂಡ ಫೋಟೊದಲ್ಲಿ ಪಾರ್ಥೇನಿಯಂ, ಏಕವಾರ್ಷಿಕ ಹುಲ್ಲೇ ಹೆಚ್ಚಿರಬಹುದು, ಬುಡಗಳ ಎಣಿಕೆಯನ್ನು ನಂಬಿ. ಸಸಿಗಳ ಸಂಖ್ಯೆ ಇಳಿದೂ ಬರಿ ನೆಲ ಹಾಗೇ ಇದ್ದರೆ ಮುಂದಿನ ಜೂನ್‌ಗೆ ಮತ್ತೆ ಬೀಜ ಹಾಕಬೇಕು.